ಬೆಳಗಾಗುವಷ್ಟರಲ್ಲಿ ಕರಗಿದ ಹೆಪ್ಪು

ಮೈಕ್ರೊಬಯಾಲಜಿ ಲ್ಯಾಬಿಗೆ ಸೇರಿದ ಹೊಸತು. ಒಂದು ಕೀವಿನ ಸ್ಯಾಂಪಲ್ ಬಂದಿತ್ತು. ಬ್ಲಡ್ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿದ ಪ್ಲೇಟು) ಮೇಲೆ ಹೊಂಬಣ್ಣದ ಕಾಲೊನಿಗಳು, ಸುತ್ತ ರಕ್ತಕಣ ಒಡೆದು ತಿಳಿಯಾದ ವಲಯ. ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ ನೋಡಿದರೆ ದ್ರಾಕ್ಷಿಗೊಂಚಲಿನಂಥ ನೇರಳೆ ಕಾಕೈ, ಅಂದರೆ ಗುಂಡನೆಯ ಬ್ಯಾಕ್ಟೀರಿಯಾ. ಕೀವು ತರಿಸುವ ಸ್ಟೆಫೈಲೊಕಾಕಸ್ ಆರಿಯಸ್ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತಿತ್ತು. ಖಚಿತ ಮಾಡಿಕೊಳ್ಳಲು ಟ್ಯೂಬ್ ಕೊಯಾಗ್ಯುಲೇಸ್ ಟೆಸ್ಟಿಗಿಟ್ಟೆ. ಪ್ಲಾಸ್ಮಾಗೆ (ರಕ್ತಕಣ ತೆಗೆದ ದ್ರವಕ್ಕೆ) ಬ್ಯಾಕ್ಟೀರಿಯಾ ಸೇರಿಸಿ 37 ಡಿಗ್ರಿಯಲ್ಲಿಟ್ಟರೆ ಆರಿಯಸ್ ಅದನ್ನು ಹೆಪ್ಪುಗಟ್ಟಿಸುತ್ತದೆ. ಮಧ್ಯಾಹ್ನ ಇಟ್ಟವನು ಸಂಜೆ ನೋಡದೆ ಹೊರಟುಬಿಟ್ಟೆ. ಬೆಳಗ್ಗೆ ಟ್ಯೂಬ್ ಓರೆ ಮಾಡಿದರೆ ಪ್ಲಾಸ್ಮಾ ನೀರಿನಂತೆ ಹರಿಯಿತು. ನೆಗೆಟಿವ್! ಚರ್ಮದ ಮೇಲಿರುವ ಮಾಮೂಲಿ ಸ್ಟೆಫೈಲೊಕಾಕಸ್ ಎಂದು ರಿಪೋರ್ಟ್ ಬರೆದೆ.

ಸೀನಿಯರ್ ಮೇಡಂ ಪ್ಲೇಟನ್ನೊಮ್ಮೆ, ರಿಪೋರ್ಟನ್ನೊಮ್ಮೆ ನೋಡಿ, "ಇಟ್ಟು ನಾಲ್ಕು ತಾಸಾದಾಗ ನೋಡಿದ್ರಾ?" ಅಂದರು. ಬೈಗುಳವೇ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮತ್ತೆ ಇಟ್ಟು, ಗಂಟೆಗೊಮ್ಮೆ ನೋಡುತ್ತ ಕೂತೆ. ಮೂರನೇ ಗಂಟೆಗೆ ಗಟ್ಟಿ ಮೊಸರಿನಂಥ ಹೆಪ್ಪು. ಇನ್‌ಕ್ಯುಬೇಟರಿನಲ್ಲೇ ಬಿಟ್ಟದ್ದು ಮರುದಿನ ಬೆಳಗ್ಗೆ ಮತ್ತೆ ನೀರು. ಕೆಲವು ತಳಿಗಳು ಹೆಪ್ಪು ಕರಗಿಸುವ ಸ್ಟೆಫೈಲೊಕೈನೇಸನ್ನೂ ಉತ್ಪಾದಿಸುತ್ತವೆ. ತಾವು ಕಟ್ಟಿದ ಹೆಪ್ಪನ್ನು ತಾವೇ ಕರಗಿಸಿಕೊಳ್ಳುತ್ತವೆ. ಹಾಗೆಂದು ನಾಲ್ಕು ತಾಸಾದರೂ ಹೆಪ್ಪಿಲ್ಲದ್ದನ್ನೆಲ್ಲ ಎಸೆಯುವಂತಿಲ್ಲ, ನಿಧಾನದ ತಳಿಗಳೂ ಇವೆ. ಅಂಥವನ್ನು ಹೊರಗೆ ಕೋಣೆಯ ಉಷ್ಣತೆಯಲ್ಲಿಟ್ಟು ಮರುದಿನ ಇನ್ನೊಮ್ಮೆ ನೋಡುತ್ತೇನೆ.

ಪ್ಲಾಸ್ಮಾದ್ದೂ ಒಂದು ಕಿತಾಪತಿ. ತಾನಾಗಿ ಹೆಪ್ಪುಗಟ್ಟದಿರಲೆಂದು ಸಿಟ್ರೇಟ್ ಹಾಕಿದ ಪ್ಲಾಸ್ಮಾ ಆದರೆ, ಸಿಟ್ರೇಟ್ ತಿನ್ನುವ ಬೇರೆ ಬ್ಯಾಕ್ಟೀರಿಯಾ ಬೆರೆತಿದ್ದರೂ ಹೆಪ್ಪಾಗಬಹುದು. ಅದರ ಬದಲು ಇಡಿಟಿಎ ಹಾಕಿದ್ದೇ ವಾಸಿ. ಜೊತೆಗೆ ಗೊತ್ತಿರುವ ಎರಡು ತಳಿಗಳನ್ನೂ ಇಡುತ್ತೇನೆ: ಹೆಪ್ಪಾಗಲೇಬೇಕಾದ ಆರಿಯಸ್ ಎಟಿಸಿಸಿ (ತಳಿ ಸಂಗ್ರಹಾಲಯ) ನಂಬರ್ 25923, ಆಗಬಾರದ ಎಪಿಡರ್ಮಿಡಿಸ್ 12228. ಅವೆರಡು ಸರಿ ಬರದಿದ್ದರೆ ರೋಗಿಯ ಟ್ಯೂಬಿನ ಕಡೆ ನೋಡುವುದೇ ಇಲ್ಲ.

ಈಗ ಮಾಲ್ಡಿ-ಟಾಫ್ ಮೆಶಿನ್ ಬ್ಯಾಕ್ಟೀರಿಯಾದ ಪ್ರೊಟೀನುಗಳನ್ನು ನೋಡಿ ಕೆಲವೇ ನಿಮಿಷಗಳಲ್ಲಿ ಹೆಸರು ಹೇಳಿಬಿಡುತ್ತದೆ. ಆದರೆ ಕರುಳಿನ ಇ. ಕೊಲೈ ಮತ್ತು ರಕ್ತಭೇದಿ ತರುವ ಶಿಗೆಲ್ಲ ಎಷ್ಟು ಹತ್ತಿರದ ದಾಯಾದಿಗಳೆಂದರೆ ಅದಕ್ಕೂ ಗುರುತು ಸಿಗುವುದು ಕಷ್ಟ. ಒಮ್ಮೆ ರಕ್ತಭೇದಿಯ ಸ್ಯಾಂಪಲ್ಲಿಗೆ ಇ. ಕೊಲೈ ಎಂದಿತು. ಮೆಕ್‌ಕಾಂಕಿ ಪ್ಲೇಟಿನಲ್ಲಿ ಮಾತ್ರ ಕಾಲೊನಿಗಳಿಗೆ ಬಣ್ಣವೇ ಇರಲಿಲ್ಲ, ಅಂದರೆ ಲ್ಯಾಕ್ಟೋಸ್ ಹುದುಗಿಸಿಲ್ಲ; ಇ. ಕೊಲೈ ಸಾಮಾನ್ಯವಾಗಿ ಹುದುಗಿಸಿ ಗುಲಾಬಿಯಾಗುತ್ತದೆ. ಆ ಬೆಳಗಿನ ಟ್ಯೂಬ್ ನೆನಪಾಯಿತು. ಚಲನೆ ನೋಡಿದೆ, ಇರಲಿಲ್ಲ. ಲೈಸಿನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಟೆಸ್ಟೂ ನೆಗೆಟಿವ್. ಎರಡೂ ಶಿಗೆಲ್ಲದ ಲಕ್ಷಣ. ಶಿಗೆಲ್ಲವನ್ನು ಹಿಡಿದು ಗಂಟುಕಟ್ಟಿಸುವ ಆಂಟಿಸೀರಂ ಹನಿಯಲ್ಲಿ ಕಲಸಿದಾಗ ಕಣ್ಣೆದುರೇ ಕಾಳುಕಾಳಾಯಿತು. ಪಕ್ಕದ ಸಲೈನ್ ಹನಿ ಹಾಗೇ ಇತ್ತು. ಆಮೇಲೆಯೇ ರಿಪೋರ್ಟಿಗೆ ಸಹಿ ಹಾಕಿದೆ.