ಪಕ್ಕಾಸು ಎಷ್ಟುದ್ದ ಬೇಕು? ತ್ರಿಭುಜವನ್ನೇ ಕೇಳಿ

ತ್ರಿಭುಜದ ಸುತ್ತಳತೆಯಲ್ಲಿ ಕಷ್ಟದ್ದೇನೂ ಇಲ್ಲ. ಮೂರು ಬದಿ ಕೂಡಿಸಿದರೆ ಮುಗಿಯಿತು. ಉಡುಪಿಯಲ್ಲಿ ರಸ್ತೆ ಅಗಲವಾದ ಮೇಲೆ ನಿಮ್ಮ ಪಾಲಿಗೆ ಒಂದು ಮೂರು ಮೂಲೆಯ ಜಾಗ ಉಳಿದಿದೆ ಅಂದುಕೊಳ್ಳಿ. ಬದಿಗಳು 45, 38, 29 ಅಡಿ. ಬೇಲಿಗೆ ಒಂದು ಸುತ್ತಿಗೆ 112 ಅಡಿ ತಂತಿ ಬೇಕು.

ಸುತ್ತಳತೆ ಗೊತ್ತಿದ್ದು ಒಂದು ಬದಿ ಮಾತ್ರ ಗೊತ್ತಿಲ್ಲದಿದ್ದರೆ ಕಳೆಯಬೇಕು: 112ರಲ್ಲಿ 45 ಮತ್ತು 38 ಹೋದರೆ 29. ಎರಡು ಬದಿ ಸಮ ಇದ್ದರೆ, ಬೇರೆಯಾಗಿರುವ ಬದಿಯನ್ನು ಕಳೆದು ಉಳಿದದ್ದನ್ನು ಅರ್ಧ ಮಾಡಿ. ಮೂರೂ ಸಮವೇ? ಸುತ್ತಳತೆಯನ್ನು 3ರಿಂದ ಭಾಗಿಸಿ.

ಸುತ್ತಳತೆ ಗೊತ್ತಿಲ್ಲ, ಎರಡೇ ಬದಿ ಗೊತ್ತು ಅಂದಾಗ ತಲೆಬಿಸಿ ಶುರು. ಆಗ ಮೊದಲು ನೋಡಬೇಕಾದ್ದು, ಎಲ್ಲಾದರೂ 90 ಡಿಗ್ರಿ ಮೂಲೆ ಇದೆಯಾ ಎಂದು. ಇದ್ದರೆ ಪೈಥಾಗೊರಸ್ ಪ್ರಮೇಯ ಸಾಕು. ಆ ಮೂಲೆಯ ಎರಡು ಬದಿಗಳ ವರ್ಗಗಳನ್ನು ಕೂಡಿಸಿದರೆ, ಎದುರಿನ ಉದ್ದ ಬದಿಯ, ಅಂದರೆ ವಿಕರ್ಣದ ವರ್ಗ ಸಿಗುತ್ತದೆ.

ಹಂಚಿನ ಮನೆಯ ಮಾಡನ್ನೇ, ಅಂದರೆ ಚಾವಣಿಯನ್ನೇ ನೋಡಿ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಹಾಕಿದರು. ಆ ಮಂಗಳೂರು ಹಂಚು ಕೂರಬೇಕಾದರೆ ಮಾಡು ಇಳಿಜಾರಾಗಿರಲೇಬೇಕು, ನಮ್ಮ ಮಳೆಗೂ ಅದೇ ಸರಿ. ಮನೆಯ ಅಗಲ 24 ಅಡಿ, ಗೋಡೆಯ ಮಟ್ಟದಿಂದ ಮಾಡಿನ ತುದಿಗೆ 9 ಅಡಿ ಎತ್ತರ. ಪಕ್ಕಾಸು, ಅಂದರೆ ಮಾಡಿನ ತುದಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರ, ಎಷ್ಟುದ್ದ?

ಮಾಡಿನ ತುದಿಯಿಂದ ನೇರ ಕೆಳಗೆ ಗೆರೆ ಎಳೆಯಿರಿ. ಎರಡು ಲಂಬಕೋನ ತ್ರಿಭುಜ ಆಯಿತು. ಒಂದೊಂದರ ಅಡಿಬದಿ 12 ಅಡಿ, 24 ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. 12ರ ವರ್ಗ 144, 9ರ ವರ್ಗ 81, ಒಟ್ಟು 225. ಅದರ ವರ್ಗಮೂಲ 15. ಪಕ್ಕಾಸು 15 ಅಡಿ, ಇಡೀ ತ್ರಿಭುಜದ ಸುತ್ತಳತೆ 15+15+24=54 ಅಡಿ. ಗೋಡೆಯಿಂದ ಹೊರಗೆ ಚಾಚುವ ಭಾಗಕ್ಕೆ ಮರ ಬೇರೆ ಸೇರಿಸಿಕೊಳ್ಳಿ. ಅರ್ಧ ಮಾಡದೆ 24 ಅಂತಲೇ ಹಿಡಿದಿದ್ದರೆ ಉತ್ತರ ಸುಮಾರು 25.6 ಬರುತ್ತಿತ್ತು. ಮನೆಯ ಅಗಲಕ್ಕಿಂತ ಪಕ್ಕಾಸೇ ಉದ್ದ! ಆಚಾರಿ ನಗುತ್ತಾರೆ, ಅಲ್ವಾ?

ವಿಕರ್ಣ ಗೊತ್ತಿದ್ದರೆ ಕೂಡಿಸುವುದಲ್ಲ, ಕಳೆಯುವುದು. ಚಪ್ಪರದ ಕಂಬದ ತುದಿಯಿಂದ ಬಿಗಿದ ಹಗ್ಗ 13 ಅಡಿ, ಗೂಟ ಕಂಬದಿಂದ 5 ಅಡಿ ದೂರ. 169ರಲ್ಲಿ 25 ಹೋದರೆ 144, ಕಂಬದ ಎತ್ತರ 12 ಅಡಿ. ವಿಕರ್ಣಕ್ಕಿಂತ ಉದ್ದದ ಉತ್ತರ ಬಂದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಮೂಲೆ ನಿಜವಾಗಿ 90 ಡಿಗ್ರಿಯೇ? ಮೇಸ್ತ್ರಿಗಳು ಪಾಯಕ್ಕೆ ದಾರ ಕಟ್ಟುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ ಅಡ್ಡಕ್ಕೆ ಅಳೆಯುತ್ತಾರೆ. 5 ಅಡಿ ಬಂದರೆ ಮೂಲೆ ಸರಿ.

90 ಡಿಗ್ರಿ ಇಲ್ಲ, ಯಾವ ಕೋನವೂ ಗೊತ್ತಿಲ್ಲ, ಎರಡೇ ಬದಿ ಗೊತ್ತು. ಆಗ ಸುಮ್ನೆ ಸೂತ್ರ ಹುಡುಕಬೇಡಿ, ಮೂರನೆಯದು ಇಷ್ಟೇ ಎಂದು ಹೇಳಲು ಬರುವುದಿಲ್ಲ. 10 ಮತ್ತು 7 ಅಡಿಯ ಬದಿಗಳಿದ್ದರೆ ಮೂರನೆಯದು 3ಕ್ಕಿಂತ ಜಾಸ್ತಿ, 17ಕ್ಕಿಂತ ಕಡಿಮೆ, ಅಷ್ಟೇ. ಟೇಪು ಹಿಡಿದು ಅಳೆಯುವುದೇ ವಾಸಿ.

ಅಳೆದದ್ದನ್ನು ಕ್ಯಾಲ್ಕುಲೇಟರಿಗೆ ಹಾಕುವಾಗ ಮಾತ್ರ ಜಾಗ್ರತೆ. 5 ಅಡಿ 6 ಇಂಚು ಅಂದರೆ 5.6 ಅಲ್ಲ, 5.5.