ಹುಬ್ಬಳ್ಳಿಯಲ್ಲೇ ಕೂತು ಲೈಸೆನ್ಸ್ ಹಾಳೆ ಪಾಸು ಮಾಡಿಸಿದ್ದು: ನನ್ನ ಅನುಭವ

ಪತ್ತಿನ ಸಹಕಾರಿ ಸಂಘಗಳಿಗೆ ಬ್ಯಾಕಪ್ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ದಿನದ ಲೆಕ್ಕ ಮುಗಿದ ಮೇಲೆ ಠೇವಣಿ, ಸಾಲ, ಸದಸ್ಯರ ಖಾತೆ ಎಲ್ಲವೂ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಓದಲಾಗದ ಹಾಗೆ) ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ಸರ್ವರಿಗೆ ಹೋಗುತ್ತದೆ. ಗದಗ, ಹಾವೇರಿ, ರಾಣೆಬೆನ್ನೂರು ಕಡೆ ಅರವತ್ತು ಎಪ್ಪತ್ತು ಸಂಘಗಳಲ್ಲಿ ಓಡುತ್ತಿದೆ. ಬೆಂಗಳೂರಿನ ಒಂದು ಕಂಪನಿ ಇದನ್ನು ತಮ್ಮ ಪ್ಯಾಕೇಜಿನ ಜೊತೆ ಸೇರಿಸಿ ಮಾರುತ್ತೇವೆ ಎಂದಿತು. ಅವರ ಗಿರಾಕಿಗಳು ದುಬೈಯಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ದರ ಮಾತಾಡಿ ಮುಗಿದ ಮೇಲೆ ಅವರ ಕಾನೂನು ವಿಭಾಗದಿಂದ ಒಂದು ಎಕ್ಸೆಲ್ ಹಾಳೆ ಬಂತು. ನಿಮ್ಮ ಸಾಫ್ಟ್‌ವೇರಿನೊಳಗೆ ಯಾವ ಯಾವ ಲೈಬ್ರರಿ (ಬೇರೆಯವರು ಬರೆದ ಸಿದ್ಧ ಕೋಡು) ಇವೆ, ಪ್ರತಿಯೊಂದರ ಲೈಸೆನ್ಸ್ ಏನು, ಪ್ರತಿ ಅಲ್ಗಾರಿದಮ್ ಮೇಲೆ ಪೇಟೆಂಟ್ ಇದೆಯಾ, ಇಲ್ಲ ಅಂದರೆ ಯಾವ ಆಧಾರದ ಮೇಲೆ ಇಲ್ಲ ಅನ್ನುತ್ತೀರಿ?

ಇದನ್ನು ನಾವೇ ತುಂಬೋಣ ಅಂದೆ. ಯಾರೂ ಒಪ್ಪಲಿಲ್ಲ. "ಇದು ನಮ್ಮ ಕೈಲೆ ಆಗೂ ಕೆಲಸ ಅಲ್ರಿ ಸರ, ಲಾಯರ್‍ಗೆ ಕೊಟ್ಟು ಕೈ ತೊಳ್ಕೊಳ್ಳೂಣು" ಅಂದರು ನನ್ನ ಪಾಲುದಾರರು. ಲಾಯರ್ ಹತ್ತಿರವೂ ಹೋದೆವು. ಬೆಂಗಳೂರಿನವರೊಬ್ಬರು ಎರಡು ಲಕ್ಷದ ಹತ್ತಿರ ಹೇಳಿದರು. ಅದೂ ಬರೀ ಅಭಿಪ್ರಾಯಕ್ಕೆ. ಲೈಬ್ರರಿಗಳ ಪಟ್ಟಿ ಮಾತ್ರ ನಾವೇ ಮಾಡಿಕೊಡಬೇಕಂತೆ! ಪಟ್ಟಿ ಮಾಡುವುದೇ ಮುಕ್ಕಾಲು ಕೆಲಸ ಅಂತ ಈ ಹಾದಿ ತುಳಿದವರಿಗೆ ಗೊತ್ತು.

ಮೊದಲು ಕೋಡಿನೊಳಗಿನ ಲೈಸೆನ್ಸ್ ಹುಡುಕುವ ಸ್ಕ್ಯಾನ್‌ಕೋಡ್ ಓಡಿಸಿದೆ. ಸಾವಿರಗಟ್ಟಲೆ ಸಾಲು ಬಂತು. ಅರ್ಧಕ್ಕರ್ಧ ಕಸ. ಟೆಸ್ಟ್ ಫೈಲಿನ ಕಾಮೆಂಟಿನಲ್ಲಿ ಜಿಪಿಎಲ್ (ಹಂಚಿದರೆ ಮೂಲ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್) ಅನ್ನುವ ಹೆಸರು ಕಂಡರೂ ಅದು ಕೆಂಪು ಬಾವುಟ ಹಾರಿಸುತ್ತದೆ. ಅಂಥದೇ ಆದ ಫಾಸಾಲಜಿ ಕೂಡ ನೋಡಿದೆ. ಚೆನ್ನಾಗಿದೆ, ಆದರೆ ನಮ್ಮಂಥ ನಾಲ್ಕು ಜನರ ಅಂಗಡಿಗೆ ಜಾಸ್ತಿ ಆಯಿತು. ದೊಡ್ಡ ತೊಂದರೆ ಎಂದರೆ ಇವು ಮುಖ್ಯವಾಗಿ ನೋಡುವುದು ಸೋರ್ಸನ್ನು, ಅಂದರೆ ಮೂಲ ಕೋಡನ್ನು. ನಮ್ಮಲ್ಲಿ ಹೊರಗಿನವರಿಂದ ಬರೆಸಿಕೊಂಡ ಎರಡು ಮಾಡ್ಯೂಲುಗಳು ಬರೀ ಡಿಎಲ್‌ಎಲ್ ರೂಪದಲ್ಲಿ, ಅಂದರೆ ಕಂಪ್ಯೂಟರ್ ಮಾತ್ರ ಓದುವ ಸಿದ್ಧ ಫೈಲುಗಳಾಗಿ ಇದ್ದವು. ಬರೆದವರು ಫೋನ್ ಎತ್ತುತ್ತಿರಲಿಲ್ಲ.

ಅದಕ್ಕೆ ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್ ಹಿಡಿದೆ. ಎಇಎಸ್ ಅನ್ನುವ ಸೈಫರನ್ನು (ಎನ್‌ಕ್ರಿಪ್ಟ್ ಮಾಡುವ ವಿಧಾನ) ಟೇಬಲ್ ಬಳಸಿ ಬರೆದ ಕೋಡು ಒಳಗಿದ್ದರೆ ಅದರ ಎಸ್-ಬಾಕ್ಸ್ ಅನ್ನುವ ಸಂಖ್ಯೆಗಳ ಪಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಹೆಕ್ಸಿನಲ್ಲಿ 63, 7ಸಿ, 77, 7ಬಿ ಅಂತ ಶುರು. ಹಾಗೇ ಬೇರೆ ಸೈಫರುಗಳಿಗೂ ಗುರುತುಗಳಿವೆ. ಯಾವ ಲೈಬ್ರರಿಯ ಯಾವ ಆವೃತ್ತಿ ಅಂತ ಪತ್ತೆ ಹಚ್ಚಲು ನಾನು ಬಳಸಿದ ಗುರುತುಗಳನ್ನು ಇಲ್ಲಿ ಬರೆಯುವುದಿಲ್ಲ. ಅದು ಈಗ ನಮ್ಮ ಹೊಟ್ಟೆಪಾಡು.

ತೊಡಕಿನವು ಸಿಕ್ಕಿದ್ದು ಮೂರು. ಎನ್‌ಕ್ರಿಪ್ಷನ್ನಿಗೆ ಓಪನ್ ಎಸ್‌ಎಸ್‌ಎಲ್ 1.1.1, ಹಳೆಯ ಲೈಸೆನ್ಸಿನದು. ರಸೀದಿಯ ಪಿಡಿಎಫ್ ತೋರಿಸುವ ಕಡೆ ಪಾಪ್ಲರ್, ಅದು ಜಿಪಿಎಲ್. ಆರ್‌ಎಆರ್ ಫೈಲ್ ಬಿಚ್ಚಲು ಅನ್‌ರಾರ್ ಕೋಡು. ಅದರ ಲೈಸೆನ್ಸಿನಲ್ಲಿ ಇದನ್ನಿಟ್ಟುಕೊಂಡು ಆರ್‌ಎಆರ್ ಕಂಪ್ರೆಸರ್ ಮಾಡಬಾರದು ಅನ್ನುವ ಷರತ್ತಿದೆ.

"ಎಲ್ಲಾ ಓಪನ್ ಸೋರ್ಸ್ ಮಾಡಿಬಿಡ್ರಿ, ಮುಗೀತು" ಅಂತ ಧಾರವಾಡದ ಗೆಳೆಯರೊಬ್ಬರು ಸುಲಭವಾಗಿ ಹೇಳಿದರು. ಮುಗಿಯುವುದಿಲ್ಲ. ಹಳೆಯ ಓಪನ್ ಎಸ್‌ಎಸ್‌ಎಲ್ ಲೈಸೆನ್ಸಿನಲ್ಲಿ ಜಾಹೀರಾತಿನ ಷರತ್ತಿತ್ತು. ಅದರ ಸೌಲಭ್ಯ ಹೇಳಿಕೊಳ್ಳುವ ಪ್ರತಿ ಜಾಹೀರಾತಿನಲ್ಲೂ ಆ ಪ್ರಾಜೆಕ್ಟಿನ ಹೆಸರು ಹಾಕಬೇಕು, ಜೊತೆಗೆ ಅದರ ಮೊದಲಿನ ಕೋಡು ಬರೆದ ಎರಿಕ್ ಯಂಗ್ ಅವರ ಹೆಸರೂ ಬರಬೇಕು. ಜಿಪಿಎಲ್ ಇಂಥ ಹೆಚ್ಚಿನ ಷರತ್ತನ್ನು ಒಪ್ಪುವುದಿಲ್ಲ. ಎರಡೂ ಒಂದೇ ಪ್ರೋಗ್ರಾಮಿನಲ್ಲಿದ್ದರೆ, ಜಿಪಿಎಲ್ ಕೋಡಿನವರು ಬೇರೆ ವಿನಾಯಿತಿ ಕೊಡದ ಹೊರತು, ನಿಮ್ಮ ಸೋರ್ಸ್ ಬಿಚ್ಚಿಟ್ಟರೂ ಹಂಚುವಂತಿಲ್ಲ. ನವೆಂಬರಿನ ಸಹಕಾರ ಸಪ್ತಾಹಕ್ಕೆ ನಾವು ಹಂಚುವ ಕನ್ನಡ ಪಾಂಪ್ಲೆಟ್ಟಿನಲ್ಲಿ "ಭದ್ರ ಎನ್‌ಕ್ರಿಪ್ಷನ್" ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ಅದರ ಕೆಳಗೆ ಎರಿಕ್ ಯಂಗ್ ಹೆಸರು ಹಾಕಿದರೆ ಸಂಘದ ಕಾರ್ಯದರ್ಶಿಗಳು "ಇವರು ಯಾರ್ರೀ, ಹೊಸ ಡೈರೆಕ್ಟರಾ?" ಅಂತ ಕೇಳಿಯೇ ಕೇಳುತ್ತಿದ್ದರು.

ಪಾಪ್ಲರ್ ಕಡೆಯವರಿಂದ ವಿನಾಯಿತಿ ಕೇಳೋಣ ಅಂತ ಹೊರಟೆ. ಅದು ಎಕ್ಸ್‌ಪಿಡಿಎಫ್ ಅನ್ನುವ ಹಳೆಯ ಪ್ರೋಗ್ರಾಮಿನಿಂದ ಬಂದ ಕೋಡು. ಹಕ್ಕುದಾರರು ಹತ್ತಾರು ಜನ, ದೇಶ ದೇಶಕ್ಕೊಬ್ಬರು. ಬಿಟ್ಟೆ. ಅದನ್ನು ಬೇರೆ ಪ್ರೋಗ್ರಾಮ್ ಮಾಡಿ ಹೊರಗಿನಿಂದ ಕರೆಯುವಂತೆ ಮಾಡಿದೆ. ಕೆಲಸ ಆಯಿತು, ಆದರೆ ಬೆಂಗಳೂರಿನ ಕಂಪನಿಯವರು "ಇನ್‌ಸ್ಟಾಲರಿನಲ್ಲಿ ಜಿಪಿಎಲ್ ಇದ್ದರೆ ಸೋರ್ಸ್ ಕೊಡುವ ಹೊಣೆ ನಮ್ಮ ಮೇಲೂ ಬರುತ್ತದೆ, ಬೇಡ" ಅಂದರು. ಅವರ ಮಾತು ಸರಿಯೇ. ಕೊನೆಗೆ ಅದರ ಬದಲು ಜಿಪಿಎಲ್ ಅಲ್ಲದ ಪಿಡಿಎಫಿಯಂ ಹಾಕಿದೆವು. ಅನ್‌ರಾರ್ ಕಿತ್ತು ಬಿಸಾಕಿ, ಆರ್‌ಎಆರ್ ಕಳಿಸುವ ಸಂಘಗಳಿಗೆ ಜಿಪ್ ಮಾಡಿ ಕಳಿಸಿ ಎಂದೆವು. ಇದಕ್ಕೆಲ್ಲ ಹುಡುಗರ ಸಂಬಳ ಸೇರಿ ಎಪ್ಪತ್ತು ಸಾವಿರದಷ್ಟು ಕೈಬಿಟ್ಟಿತು.

ನಡುವೆ ಒಂದು ಆಸೆ ಬಂದಿತ್ತು. ಪೆನ್‌ಡ್ರೈವಿನ ಪ್ರತಿಗೆ, ಡ್ರೈವನ್ನೇ ಎನ್‌ಕ್ರಿಪ್ಟ್ ಮಾಡುವ ವೆರಾಕ್ರಿಪ್ಟ್ ಬಳಸಿದರೆ ಹೇಗೆ? ಅದರ ಹೊಸ ಭಾಗ ಅಪಾಚೆ 2.0 ಲೈಸೆನ್ಸಿನದು, ಟ್ರೂಕ್ರಿಪ್ಟ್ ಅನ್ನುವ ಹಿಂದಿನ ಪ್ರೋಗ್ರಾಮಿನಿಂದ ಬಂದ ಹಳೆಯ ಭಾಗ ಟ್ರೂಕ್ರಿಪ್ಟ್ ಲೈಸೆನ್ಸ್ 3.0. ಟ್ರೂಕ್ರಿಪ್ಟ್ ಲೈಸೆನ್ಸ್ ಕಂಡು ಲಿನಕ್ಸ್ ಹಂಚುವ ಡೆಬಿಯನ್, ಫೆಡೋರಾದವರೇ ದೂರ ನಿಂತವರು. 2014ರಲ್ಲಿ ಟ್ರೂಕ್ರಿಪ್ಟ್ ನಿಂತೇ ಹೋಯಿತು. ಆ ಹಾಳೆಯಲ್ಲಿ ಈ ಹೆಸರು ಬರೆದರೆ ಪ್ರಶ್ನೆಗಳ ಸರಮಾಲೆ ಬರುತ್ತಿತ್ತು. ಒಂದು ವಾರಾಂತ್ಯ ಆಡಿ ಬಿಟ್ಟೆ.

ಓಪನ್ ಎಸ್‌ಎಸ್‌ಎಲ್ ಸಾಲಿಗೆ ಉತ್ತರ ಅದರ ಹೊಸ ಆವೃತ್ತಿಯಲ್ಲೇ ಇತ್ತು. 2021ರ ಸೆಪ್ಟೆಂಬರಿನಲ್ಲಿ ಬಂದ 3.0ದಿಂದ ಅದು ಅಪಾಚೆ 2.0 ಲೈಸೆನ್ಸಿಗೆ ಬಂದಿದೆ. ಜಾಹೀರಾತಿನ ಷರತ್ತು ಹೋಯಿತು. ಪೇಟೆಂಟ್ ಮಾತು ಲೈಸೆನ್ಸಿನೊಳಗೇ ಬಂತು. ಕೋಡು ಕೊಟ್ಟವರು, ಆ ಕೋಡಿಗೆ ತಗಲುವ ತಮ್ಮ ಪೇಟೆಂಟಿನ ಅನುಮತಿಯನ್ನೂ ಕೊಟ್ಟ ಹಾಗೆ. ಆ ಸಾಫ್ಟ್‌ವೇರಿನ ಮೇಲೆ ನೀವು ಪೇಟೆಂಟ್ ಕೇಸು ಹಾಕಿದರೆ ನಿಮಗೆ ಸಿಕ್ಕ ಅನುಮತಿ ರದ್ದು. ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳಲ್ಲಿ ಪೇಟೆಂಟ್ ಅನ್ನುವ ಹೆಸರೇ ಇಲ್ಲ. ಕಾನೂನು ವಿಭಾಗದವರು ಮೊದಲು ಹುಡುಕುವುದೇ ಇದನ್ನು. ಎಸ್‌ಕ್ಯೂಲೈಟ್ ಡೇಟಾಬೇಸನ್ನು ಎನ್‌ಕ್ರಿಪ್ಟ್ ಮಾಡಲು ನಾವು ಬಳಸುವ ಎಸ್‌ಕ್ಯೂಎಲ್‌ಸೈಫರ್ ಬಿಎಸ್‌ಡಿ ಥರದ್ದು, ಆದರೆ ಸೈಫರ್ ಕೆಲಸವನ್ನೆಲ್ಲ ಓಪನ್ ಎಸ್‌ಎಸ್‌ಎಲ್‌ಗೆ ಬಿಡುತ್ತದೆ. ಹಾಗಾಗಿ ಅದು ಸುಮ್ನೆ ದಾಟಿತು. ದುಡ್ಡು ಕೊಟ್ಟು ಎಸ್‌ಕ್ಯೂಲೈಟ್‌ನವರದೇ ಎನ್‌ಕ್ರಿಪ್ಷನ್ ತಗೊಂಡರೆ ಎರಡು ಸಾವಿರ ಡಾಲರ್ ಆಗುತ್ತಿತ್ತು. ಉಳಿಯಿತು.

3.0ಕ್ಕೆ ಹೋಗುವುದು ಹೇಳಿದಷ್ಟು ಸಲೀಸಲ್ಲ. ಸಂಘಗಳ ಹಳೆಯ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ದಾಖಲೆ ಎನ್‌ಕ್ರಿಪ್ಟ್ ಮಾಡುವಾಗ ಎದ್ದು ಕಾಣುವಷ್ಟು ನಿಧಾನ ಆಯಿತು. ಪ್ರತಿ ಸಲ ಸೈಫರನ್ನು ಹೊಸದಾಗಿ ಹುಡುಕುತ್ತಿತ್ತು. ಶುರುವಿನಲ್ಲಿ ಒಂದೇ ಸಲ ಫೆಚ್ ಮಾಡಿ ಇಟ್ಟುಕೊಂಡ ಮೇಲೆ ಸರಿಹೋಯಿತು. ಇನ್ನೊಂದು ಏಟು ರಾಣೆಬೆನ್ನೂರಿನಿಂದ ಬಂತು. ಆಡಿಟ್ ಹೊತ್ತಿಗೆ ಸರಿಯಾಗಿ "ಹಳೇ ಬ್ಯಾಕಪ್ ತೆರೀವಲ್ವು ಸರ" ಅಂತ ಫೋನು. ನಮ್ಮ ಮೊದಲ ಆವೃತ್ತಿ ಬ್ಲೋಫಿಶ್ ಅನ್ನುವ ಹಳೆಯ ಸೈಫರ್ ಬಳಸುತ್ತಿತ್ತು. 3.0ದಲ್ಲಿ ಬ್ಲೋಫಿಶ್, ಐಡಿಯಾ, ಆರ್‌ಸಿ4 ಎಲ್ಲವನ್ನೂ ಲೆಗಸಿ ಅನ್ನುವ ಬೇರೆ ಮೂಲೆಗೆ ತಳ್ಳಿದ್ದಾರೆ. ಕೇಳಿ ಲೋಡ್ ಮಾಡಿದರೆ ಮಾತ್ರ ಬರುತ್ತದೆ. ಲೆಗಸಿ ಡಿಎಲ್‌ಎಲ್ ಜೊತೆಗಿಟ್ಟು, ಓದಲು ಮಾತ್ರ ಬಳಸಿ, ಬರೆಯುವುದೆಲ್ಲ ಎಇಎಸ್‌ನಲ್ಲೇ ಎಂದು ಮಾಡಿದೆ.

ಇನ್ನು ಪೇಟೆಂಟ್ ಕಾಲಂ. ಎಲ್ಲರೂ ಹೆದರಿಸಿದ್ದು ಇಲ್ಲೇ. ಧಾರವಾಡದ ವಕೀಲರೊಬ್ಬರು 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ತೋರಿಸಿ "ನಮ್ಮ ದೇಶದಾಗ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ, ಅಲ್ಗಾರಿದಮ್ಮಿಗೆ ಪೇಟೆಂಟ್ ಇಲ್ರಿ, ನೀವ್ಯಾಕ ತಲಿ ಕೆಡಿಸ್ಕೋತೀರಿ" ಅಂದರು. ನಿಜ. ಆದರೆ ಪೇಟೆಂಟ್ ದೇಶಕ್ಕೊಂದು. ಮಾಲು ಅಮೆರಿಕಕ್ಕೆ ಹೋದರೆ 3(ಕೆ) ಜೊತೆಗೆ ಹೋಗುವುದಿಲ್ಲ ಅಲ್ವಾ?

ನನ್ನ ವಿಧಾನ ಒಂದು ಜರಡಿ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಅಮೆರಿಕದಲ್ಲಿ ಪ್ರಕಟಿಸಿದ ಮೇಲೂ ಅರ್ಜಿ ಹಾಕಲು ಒಂದು ವರ್ಷ ಅವಕಾಶ ಇದೆ. ಹಾಗಾದರೆ 21 ವರ್ಷಕ್ಕೂ ಹಿಂದೆ ಪ್ರಕಟವಾದ ವಿಧಾನವನ್ನು, ಪ್ರಕಟವಾದ ಹಾಗೇ ಬಳಸಿದರೆ, ಅದರ ಮೇಲೆ ಹೊಸದಾಗಿ ಹಕ್ಕು ಹೇಳುವುದು ಕಷ್ಟ. ಅಮೆರಿಕದ ಹಳೆಯ ಪೇಟೆಂಟುಗಳಿಗೆ ಲೆಕ್ಕ ಬೇರೆ ಇತ್ತು, ಮಂಜೂರಾದ ದಿನದಿಂದ 17 ವರ್ಷ. ಅಂಥವನ್ನು ಒಂದೊಂದಾಗಿ ನೋಡಬೇಕು. ಆರ್‌ಎಸ್‌ಎ ಅನ್ನುವ ಎನ್‌ಕ್ರಿಪ್ಷನ್ ವಿಧಾನದ ಪೇಟೆಂಟ್ 1983ರಲ್ಲಿ ಮಂಜೂರಾಗಿ 2000ದ ಸೆಪ್ಟೆಂಬರಿನಲ್ಲಿ ಮುಗಿಯಿತು. ಎಇಎಸ್ ಆಗಿರುವ ರೈಂಡಾಲ್ 1998ರಲ್ಲಿ ಹೊಸ ಸೈಫರ್ ಆರಿಸುವ ಅಮೆರಿಕದ ಸ್ಪರ್ಧೆಗೆ ಬಂದದ್ದು, 2001ರಲ್ಲಿ ಮಾನದಂಡ ಆಯಿತು. ರಾಯಲ್ಟಿ ಮೊದಲಿನಿಂದಲೂ ಇಲ್ಲ. ಬ್ಲೋಫಿಶ್ 1993ರದು, ಅದನ್ನು ಮಾಡಿದ ಬ್ರೂಸ್ ಶ್ನೈಯರ್ ಪೇಟೆಂಟ್ ಮಾಡಿಸಲೇ ಇಲ್ಲ.

ಈ ಜರಡಿ ನನ್ನ ತಲೆಯಿಂದ ಹುಟ್ಟಿದ್ದು ಅಂತ ಬೆಂಗಳೂರಿನವರು ಮೂಗು ಮುರಿದರು. ಆಗ ಇಂಟರ್‌ನೆಟ್ ತಂತ್ರಜ್ಞರ ಆರ್‌ಎಫ್‌ಸಿ 6090 ಅನ್ನುವ ದಾಖಲೆ ಮುಂದಿಟ್ಟೆ. 2011ರಲ್ಲಿ ಬಂದದ್ದು. ಎಲಿಪ್ಟಿಕ್ ಕರ್ವ್ ಅನ್ನುವ ಗಣಿತದ ಮೇಲೆ ನಿಂತ ಎನ್‌ಕ್ರಿಪ್ಷನ್ ವಿಧಾನವನ್ನು ಬೇಕಂತಲೇ 1994 ಮತ್ತು ಅದಕ್ಕೂ ಹಿಂದಿನ ಬರಹಗಳ ಆಧಾರದ ಮೇಲಷ್ಟೇ ಬರೆದಿದ್ದಾರೆ. ಅಷ್ಟು ಹೆದರಿಕೆ ಆಗ ಆ ಕರ್ವ್‌ಗಳ ಬಗ್ಗೆ ಇತ್ತು. ಅವುಗಳ ಮೇಲೆ ಪೇಟೆಂಟ್ ಇಟ್ಟುಕೊಂಡಿದ್ದ ಸರ್ಟಿಕಾಂ ಕಂಪನಿ 2007ರಲ್ಲಿ ಸೋನಿ ಮೇಲೆ ಕೇಸು ಹಾಕಿತ್ತು. ಫೆಡೋರಾದವರು 2013ರವರೆಗೂ ತಮ್ಮ ಓಪನ್ ಎಸ್‌ಎಸ್‌ಎಲ್‌ನಿಂದ ಕರ್ವ್ ಕೋಡನ್ನು ಕತ್ತರಿಸಿಯೇ ಕೊಡುತ್ತಿದ್ದರು. ದೊಡ್ಡವರು ಮಾಡಿದ್ದನ್ನೇ ನಾನೂ ಮಾಡಿದ್ದು ಅಂದ ಮೇಲೆ ಅವರ ದನಿ ಬದಲಾಯಿತು.

ಜರಡಿಯಲ್ಲಿ ಸಿಕ್ಕಿಬಿದ್ದವೂ ಇವೆ. ಎಇಎಸ್ ಬಳಸುವ ಒಂದು ಬಗೆಯಾದ ಓಸಿಬಿ ಮೋಡ್ ವೇಗ ಇತ್ತು, ನನಗೆ ಇಷ್ಟವೂ ಇತ್ತು. ಅದನ್ನು ಮಾಡಿದ ಫಿಲಿಪ್ ರೊಗಾವೇ 2013ರಲ್ಲಿ ಓಪನ್ ಸೋರ್ಸಿನವರಿಗೆ ಅನುಮತಿ ಕೊಟ್ಟರು, 2021ರಲ್ಲಿ ಪೇಟೆಂಟುಗಳನ್ನೇ ಕೈಬಿಟ್ಟರು. ಈಗ ದಾರಿ ಖಾಲಿ. ಆದರೂ ಹಾಳೆಯಲ್ಲಿ ಅದಕ್ಕೆ ಅರ್ಧ ಪುಟ ವಿವರಣೆ ಬೇಕಾಗುತ್ತಿತ್ತು. ಇನ್ನೊಂದು ಮೋಡ್ ಜಿಸಿಎಂ ಹಾಕಿದರೆ ಒಂದು ಸಾಲು ಸಾಕು. ವಕೀಲರ ಮುಂದೆ ಒಂದು ಸಾಲಿನ ಉತ್ತರಕ್ಕೆ ಇರುವ ಬೆಲೆ ವೇಗಕ್ಕಿಲ್ಲ. ಕ್ವಾಂಟಂ ಕಂಪ್ಯೂಟರಿಗೂ ಬಗ್ಗದಿರಲೆಂದು ಮಾಡಿದ ಕೈಬರ್ ವಿಧಾನದ ಬಗ್ಗೆಯೂ ಕೇಳಿದರು. 2024ರ ಆಗಸ್ಟಿನಲ್ಲಿ ಅದು ಅಮೆರಿಕದ ಮಾನದಂಡ ಆಯಿತು. ಅದರ ಕೆಲವು ಪೇಟೆಂಟುಗಳ ವಿಚಾರವನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನವರೇ ಹಕ್ಕುದಾರರ ಜೊತೆ ಒಪ್ಪಂದ ಮಾಡಿಕೊಂಡು ಬಗೆಹರಿಸಿದ್ದಾರೆ. ಓಪನ್ ಎಸ್‌ಎಸ್‌ಎಲ್ 3.5ರಲ್ಲಿ ಹಾಕಿ ಆಡಿ ನೋಡಿದೆ, ಓಡುತ್ತದೆ. ಆದರೆ ನನ್ನ ಜರಡಿಗೆ ಅದು ಇನ್ನೂ ಎಳೆಯದು. ಸದ್ಯಕ್ಕೆ ಬಿಟ್ಟಿದ್ದೇನೆ.

ಇದೇ ಗದ್ದಲದಲ್ಲಿ ಒಂದು ಬೇರೆ ಕೆಲಸ ಗಂಟುಬಿತ್ತು. ಗದಗ ತಾಲ್ಲೂಕಿನ ಹಳೆಯ ಸಂಘವೊಂದು ಒಂದು ಸಿಡಿ ಕಳಿಸಿತು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ತಾಲ್ಲೂಕು ಅದು, ಅಲ್ಲಿಯವರು ಏನನ್ನೂ ಬಿಸಾಕುವುದಿಲ್ಲ. ಅದಕ್ಕೆ ಯಾರೋ ಪಿಜಿಪಿ ಅನ್ನುವ ಹಳೆಯ ಎನ್‌ಕ್ರಿಪ್ಷನ್ ಪ್ರೋಗ್ರಾಮಿನಲ್ಲಿ ಐಡಿಯಾ ಸೈಫರ್ ಬಳಸಿ ಬೀಗ ಹಾಕಿದ್ದರು. ಐಡಿಯಾ ಮೇಲೆ ಪೇಟೆಂಟ್ ಇದ್ದ ಕಾರಣಕ್ಕೇ ಪಿಜಿಪಿ ಥರದ್ದೇ ಉಚಿತ ಪ್ರೋಗ್ರಾಮ್ ಜಿಎನ್‌ಯುಪಿಜಿ ಅದನ್ನು ವರ್ಷಗಟ್ಟಲೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಪೇಟೆಂಟ್ 2012ರ ಹೊತ್ತಿಗೆ ಮುಗಿದ ಮೇಲೆ 1.4.13ನೇ ಆವೃತ್ತಿಯಲ್ಲಿ ಸೇರಿಸಿದರು. ಹೊಸ 2.x ಹಾಕಿದರೆ ಅಷ್ಟು ಹಳೆಯ ಕೀ ಒಪ್ಪುವುದಿಲ್ಲ. 1.4ರ ಸಾಲಿನದೇ ಬೇಕು. ತೆರೆಯಿತು! ಪಾಸ್‌ಫ್ರೇಜ್ ಸಿಕ್ಕಿದ್ದು ನಿವೃತ್ತ ಕಾರ್ಯದರ್ಶಿಗಳ ಡೈರಿಯಲ್ಲಿ. ನಾಲ್ಕು ಸಾವಿರ ಕೊಟ್ಟರು, ಮೇಲೆ ಒಂದು ಚೀಲ ಗಿರಮಿಟ್ ಚುರುಮುರಿ.

ಹಾಳೆ ಕಳಿಸಿದ ಮೇಲೆ ವಾಪಸ್ ಬಂದ ಪ್ರಶ್ನೆ ಒಂದೇ, ಅದೂ ಪರದೆಯ ಕಿಟಕಿ, ಬಟನ್ ಮಾಡುವ ಕ್ಯೂಟಿ ಲೈಬ್ರರಿ ಬಗ್ಗೆ. ಅದು ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಆದ್ದರಿಂದ ಡಿಎಲ್‌ಎಲ್ ಬೇರೆ ಇದೆಯಾ, ಬಳಸುವವರು ತಮ್ಮದೇ ಬಿಲ್ಡ್ ಹಾಕಿಕೊಳ್ಳಬಹುದಾ ಎಂದು. ಬೇರೆ ಇದೆ, ಬದಲಿಸಬಹುದು, ಸೋರ್ಸ್ ನಮ್ಮ ಸರ್ವರಿನಲ್ಲಿದೆ ಎಂದು ಬರೆದೆ. ಪೇಟೆಂಟ್ ಕಾಲಮ್ಮಿಗೆ ನಾನು ಬರೆದ ಮೂರು ಸಾಲಿನ ಒಕ್ಕಣೆಯನ್ನು ಅವರ ವಕೀಲರು ಹಾಗೇ ಒಪ್ಪಂದದೊಳಗೆ ಎತ್ತಿಕೊಂಡರು. ಆ ಮೂರು ಸಾಲು ಇಲ್ಲಿ ಕೇಳಬೇಡಿ. ಒಪ್ಪಂದದಿಂದ ವರ್ಷಕ್ಕೆ ಆರು ಲಕ್ಷದ ಆಸುಪಾಸು ಬರುತ್ತದೆ. ನಮ್ಮ ಖರ್ಚು ಎಲ್ಲ ಸೇರಿ ಒಂದೂಕಾಲು ಲಕ್ಷ ಇರಬಹುದು. ಅದರಲ್ಲಿ ಧಾರವಾಡದ ವಕೀಲರು ಕೊನೆಯ ಕರಡು ಓದಿದ್ದಕ್ಕೆ ತಗೊಂಡದ್ದು ಹದಿನೈದು ಸಾವಿರ. ಬೆಂಗಳೂರಿನ ಲಾಯರ್ ಹೇಳಿದ ಎರಡು ಲಕ್ಷಕ್ಕೆ ಬರೀ ಒಂದು ಕಾಗದ ಬರುತ್ತಿತ್ತು. ನಮಗೆ ಕೋಡೂ ಸ್ವಚ್ಛ ಆಯಿತು.

ಈಗ ಬಿಲ್ಡ್ ಮಾಡುವಾಗಲೇ ಒಳಗಿನ ಲೈಬ್ರರಿ, ಲೈಸೆನ್ಸುಗಳ ಎಸ್‌ಪಿಡಿಎಕ್ಸ್ ಪಟ್ಟಿ ತಾನಾಗಿ ಹೊರಬೀಳುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಎಸ್‌ಬಾಮ್ (ಇಂಥ ಪಟ್ಟಿಯ) ಮಾರ್ಗಸೂಚಿ ಹೊರಡಿಸಿದ ಮೇಲೆ ಸಣ್ಣ ಗಿರಾಕಿಗಳೂ ಈ ಪಟ್ಟಿ ಕೇಳುತ್ತಿದ್ದಾರೆ. ಗೋಕುಲ ರಸ್ತೆಯ ಇಬ್ಬರು ತಮ್ಮ ಡಿಎಲ್‌ಎಲ್‌ಗಳನ್ನು ತಂದು ಕೊಟ್ಟಿದ್ದಾರೆ. ನಮ್ಮ ಕೈಲಿ ಆಗೂದಿಲ್ಲ ಅಂದಿದ್ದ ಪಾಲುದಾರರೇ ಈಗ ಅವರಿಗೆ ದರ ಹೇಳುತ್ತಾರೆ: ನಲವತ್ತು ಸಾವಿರ, ಅರ್ಧ ಮುಂಗಡ.