ರೆಕ್ವಿಜಿಟ್ ಅಂದ್ರೆ ಯಾತಕ್ಕೆ ಬೇಕು?

ಶಿಡ್ಲಘಟ್ಟದಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಬ್ಯಾಂಕಿಗೆ, ಇಲಾಖೆಗೆ ಇಂಗ್ಲಿಷ್ ಅರ್ಜಿ ಬೇಕು ಅಂತ ಬಂದವರಿಗೆ ನಾನೇ ಬರೆದು ಟೈಪ್ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ ಪದ ‘ರೆಕ್ವಿಜಿಟ್’ (requisite).

ಒಮ್ಮೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಬ್ಬ ರೀಲರ್ ಸಾಲದ ಅರ್ಜಿ ಬರೆಸಲು ಬಂದರು. ‘ಬೇಕಾದ ದಾಖಲೆಗಳನ್ನು ಲಗತ್ತಿಸಿದ್ದೇನೆ’ ಎನ್ನುವ ಕಡೆ ನಾನು ‘ರೆಕ್ವಿಜಿಷನ್ ಡಾಕ್ಯುಮೆಂಟ್ಸ್’ ಎಂದು ಟೈಪ್ ಮಾಡಿದೆ. ಕೌಂಟರಿನಲ್ಲಿ ‘ಯಾವ ರೆಕ್ವಿಜಿಷನ್? ಎಲ್ಲಿದೆ?’ ಎಂದು ವಾಪಸ್ ಕಳಿಸಿದರು. ‘ಅದ್ಯಾವುದೋ ಒಂದು ಪೇಪರ್ ಇಲ್ವಂತೆ ಕಣಪ್ಪ’ ಎಂದು ಅವರು ಬಿಸಿಲಲ್ಲಿ ಬಂದು ನಿಂತಾಗ ತುಂಬಾ ಬೇಜಾರಾಯಿತು. ಪೇಪರ್ ಎಲ್ಲವೂ ಇದ್ದವು. ತಪ್ಪಿದ್ದು ನನ್ನ ಪದ.

ಅವತ್ತೇ ಡಿಕ್ಷನರಿ ತೆಗೆದೆ. ರೆಕ್ವಿಜಿಷನ್ ಅಂದರೆ ಇಂಥದ್ದು ಕೊಡಿ ಎಂದು ಬರೆದು ಕೇಳುವುದು. ರೆಕ್ವಿಜಿಟ್ ಅಂದರೆ ಒಂದು ಕೆಲಸಕ್ಕೆ ಬೇಕೇ ಬೇಕಾದದ್ದು. ಎರಡಕ್ಕೂ ಮೂಲ ಒಂದೇ, ಹುಡುಕು, ಕೇಳು ಎನ್ನುವ ಲ್ಯಾಟಿನ್ ಮಾತು. ಅದಕ್ಕೇ ಇಷ್ಟು ಗೊಂದಲ.

ನಮ್ಮ ‘ಬೇಕು’ ಎರಡೂ ಕಡೆ ನಡೆಯುತ್ತದೆ ಅಲ್ವಾ? ‘ಟೀ ಬೇಕು’ ಅಂದರೆ ಆಸೆ. ‘ಅರ್ಜಿಗೆ ಪಹಣಿ ಬೇಕು’ ಅಂದರೆ ಅದಿಲ್ಲದೆ ಕೆಲಸ ಆಗದು. ಈ ಎರಡನೆಯದು ಮಾತ್ರ ರೆಕ್ವಿಜಿಟ್. ಹಾಗಾಗಿ ಬರೆಯುವ ಮುಂಚೆ ‘ಯಾತಕ್ಕೆ ಬೇಕು?’ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಕ್ಕರೆ ಪದ ಸರಿ.

ಪ್ರೀರೆಕ್ವಿಜಿಟ್ ನನಗೆ ತಿಳಿದದ್ದು ನೂಲು ಬಿಚ್ಚುವ ಭಟ್ಟಿಯ ಮುಂದೆ. ಗೂಡು, ನೀರು, ಸೌದೆ ಎಲ್ಲ ರೆಕ್ವಿಜಿಟ್ಸ್. ಆದರೆ ಗೂಡು ಬಿಸಿನೀರಲ್ಲಿ ಬೆಂದು ಅಂಟು ಮೆತ್ತಗಾಗದಿದ್ದರೆ ಎಳೆಯ ತುದಿ ಕೈಗೆ ಸಿಗುವುದಿಲ್ಲ. ಬೇಯಿಸುವುದು ಮೊದಲೇ ಆಗಬೇಕು. ಅದೇ ಪ್ರೀರೆಕ್ವಿಜಿಟ್.

ಕೇಳಲು ಹೀಗೇ ಇರುವ ಪರ್ಕ್ವಿಜಿಟ್ ಬೇರೆಯೇ. ಸಂಬಳದ ಜೊತೆ ಸಿಗುವ ಮನೆ, ಕಾರಿನಂಥ ಸವಲತ್ತು ಅದು. ಇವೆಲ್ಲ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ. ಕಣ್ಣಲ್ಲೇ ನೋಡಬೇಕು.

ರೆಕ್ವಿಜಿಟ್ ಸ್ಪೆಲಿಂಗ್ ಕೊನೆಯಲ್ಲಿ ‘ಸೈಟ್’ ಕಂಡರೂ ಹಾಗೆ ಓದಬಾರದು. ಒತ್ತು ‘ರೆ’ ಮೇಲೆ. ಮಾತಲ್ಲಿ ಇದನ್ನು ಸುಮ್ನೆ ತುರುಕಬೇಡಿ, ಅಲ್ಲಿ ‘ನೀಡ್’ ಸಾಕು. ಇದು ಅರ್ಜಿಯ ಪದ.

ಈಗ ನಾನು ‘ದಿ ರೆಕ್ವಿಜಿಟ್ ಡಾಕ್ಯುಮೆಂಟ್ಸ್ ಆರ್ ಎನ್‌ಕ್ಲೋಸ್ಡ್’ ಎಂದು ಬರೆದು, ಕೆಳಗೆ ಪಹಣಿ, ಆಧಾರ್, ಪಾಸ್‌ಬುಕ್ ಎಂದು ಒಂದೊಂದಾಗಿ ಹೆಸರು ಹಾಕುತ್ತೇನೆ. ಯಾವ ಪೇಪರ್ ಎಂದು ಆ ಪದವೊಂದೇ ಹೇಳುವುದಿಲ್ಲವಲ್ಲ.